ಮನೆಯವರು ಕರೆ ಮಾಡಿದ್ದು

ಅಧ್ಯಕ್ಷತೆ ವಹಿಸಿರುವ ತಿಪ್ಪೇಶಪ್ಪನವರೇ, ಮುಖ್ಯ ಅತಿಥಿಗಳಾದ ವಕೀಲ ಕೊಟ್ರೇಶ್ ಅವರೇ, ಜಗಳೂರಿನ ಈ ಓದುಗರ ಬಳಗವನ್ನು ಕಟ್ಟಿ ನಿಲ್ಲಿಸಿರುವ ಗೆಳತಿ ಶೈಲಾ ಅವರೇ, ಒಗ್ಗರಣೆಯ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

"ಬರೆದಿಟ್ಟ ಮಾತಿಗೆ ಮುಪ್ಪಿಲ್ಲ, ಆಡದ ಮಾತಿಗೆ..." ಆಡದ ಮಾತಿಗೆ ಏನು? ನ್ಯಾಮತಿಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ ಬಂದೆ. ಎಂ.ಎ. ಓದುವಾಗ ನಮ್ಮ ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಯಾರೋ ಹುಡುಗಿ ಬರೆದಿದ್ದ ಸಾಲು. ಆಡದ ಮಾತಿಗೆ "ಮನೆಯಿಲ್ಲ" ಎಂದಿತ್ತೋ, "ಕೊನೆಯಿಲ್ಲ" ಎಂದಿತ್ತೋ ನೆನಪಾಗುತ್ತಿಲ್ಲ. ಎರಡೂ ಕಿವಿಗೆ ಒಪ್ಪುತ್ತವೆ, ಅರ್ಥ ಮಾತ್ರ ಬೇರೆಬೇರೆ ಕಡೆ ಹೋಗುತ್ತದೆ. ಮೊದಲ ಅರ್ಧ ಚೆನ್ನಾಗಿ ನೆನಪಿದೆ, ಆದರೆ ಈಗ ಅದರ ಮೇಲೆ ನಂಬಿಕೆ ಹೋಗಿದೆ. ಬರೆದಿಟ್ಟ ಮಾತಿಗೆ ನಿಜವಾಗಿ ಮುಪ್ಪಿಲ್ಲವೇ? ಬರೆದಿಟ್ಟ ಒಂದೇ ಒಂದು ವಾಕ್ಯವನ್ನು ಸರ್ಕಾರದಿಂದ ಪಡೆದು ತಂದವಳು ನಾನು. ಅದನ್ನು ಓದಿದಷ್ಟೂ ಸಲ ಅದು ಬೇರೆ ವಾಕ್ಯವಾಗುತ್ತಿದೆ.

ನೀವು ನನಗೆ ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು "ಪೊಲೀಸ್ ದಾಖಲೆ ಪಡೆಯುವುದು ಹೇಗೆ? ಗೃಹಿಣಿಯೊಬ್ಬರ ಯಶೋಗಾಥೆ" ಎಂದು ಅಚ್ಚು ಹಾಕಿಸಿದ್ದೀರಿ. ಹೇಗೆ ಎಂಬುದನ್ನು ನಾನು ಹೇಳಬಲ್ಲೆ. ಯಶಸ್ಸು ಎಲ್ಲಿದೆ ಎಂದು ಕೇಳಿದರೆ ಈ ಶಾಲನ್ನು ವಾಪಸ್ ಕೊಡಬೇಕಾಗುತ್ತದೆ.

ಏನಾಯಿತು ಎಂದು ಮೊದಲಿನಿಂದ ಹೇಳುತ್ತೇನೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾರೆ. ಅವರ ನಿಜವಾದ ಹೆಸರು ಬೇಡ, ಸರ್ವಮಂಗಳಮ್ಮ ಎಂದುಕೊಳ್ಳೋಣ. ಅವರ ಯಜಮಾನರನ್ನು ಷಣ್ಮುಖಪ್ಪ ಎನ್ನೋಣ. ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಒಂದು ಕಾಂಪೌಂಡ್. ಅದರ ಮೇಲಿನಿಂದ ಎಷ್ಟೋ ವರ್ಷ ಹೆಪ್ಪು, ಕರಿಬೇವು, ವಾರಪತ್ರಿಕೆ ಎಲ್ಲ ಆ ಕಡೆ ಈ ಕಡೆ ದಾಟಿವೆ. ಸಂಜೆ ಅವರು ಹೂ ಕಟ್ಟುತ್ತ ಕೂತರೆ ನಾನು ಯಾವುದಾದರೂ ಕವನ ಓದುತ್ತಿದ್ದೆ. ಅವರು ಮಾಡುತ್ತಿದ್ದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ನೋಡಿಲ್ಲ. ಒಮ್ಮೆ ವಿರಹದ ಕವಿತೆಯೊಂದನ್ನು ಬಹಳ ಭಾವುಕಳಾಗಿ ಓದಿ ಮುಗಿಸಿದೆ. ಅವರು ದಾರಕ್ಕೆ ಗಂಟು ಹಾಕುತ್ತ ಕೇಳಿದರು: "ಎಲ್ಲಾ ಸರಿ ಅಕ್ಕ, ಆಕೆ ಉಂಡ್ಳೋ ಇಲ್ವೋ ಅಂತ ಬರೆದೇ ಇಲ್ವಲ್ಲ ಇದ್ರಾಗೆ?"

ಇಂಥ ಗೆಳತಿ ನನಗೆ ಊರಲ್ಲಿ ಇನ್ನೊಬ್ಬರಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ನಾನು ಕಚೇರಿ ಕಚೇರಿ ಅಲೆದದ್ದು ಮಾಹಿತಿ ಹಕ್ಕಿನ ಹೋರಾಟಕ್ಕಾಗಿ ಅಲ್ಲ, ಸರ್ವಮಂಗಳಮ್ಮ ಮತ್ತೆ ನನ್ನೊಡನೆ ಮಾತಾಡಲಿ ಎಂದು.

ಕಳೆದ ವರ್ಷ ಶ್ರಾವಣದ ಒಂದು ಸಂಜೆ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕೈಯಲ್ಲಿ ಮೊಬೈಲ್ ಇತ್ತು, ಸ್ನೇಹಿತೆಯೊಬ್ಬಳು ಕವನ ಕಳಿಸಿದ್ದಳು. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಷಣ್ಮುಖಪ್ಪನವರ ದನಿ ಏರಿತು. ಇನ್ನೊಂದು ಪಾತ್ರೆ ಬಿತ್ತು. ಬೀದಿಯವರೆಲ್ಲ ತಂತಮ್ಮ ಗೇಟಿಗೆ ಬಂದು ನಿಂತರು. ಸ್ವಲ್ಪ ಹೊತ್ತಿಗೆ ನೂರಾ ಹನ್ನೆರಡರ ಪೊಲೀಸ್ ವಾಹನ ಬಂತು. ಇಬ್ಬರು ಪೊಲೀಸರು ಒಳಗೆ ಹೋದರು, ಮಾತಾಡಿದರು, ಹೊರಟುಹೋದರು. ಆಮೇಲೆ ಷಣ್ಮುಖಪ್ಪ ಗೇಟಿಗೆ ಬಂದು, ನನ್ನ ಕೈಲಿದ್ದ ಫೋನನ್ನೇ ನೋಡುತ್ತ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ಓದಿದೋರು ಇರೋ ಬೀದಿಯಾಗೆ ಸಂಸಾರ ಮಾಡಾಕೆ ಆಗಲ್ಲ ಬಿಡ್ರಿ!"

ಮಾರನೆಯ ದಿನದಿಂದ ಸರ್ವಮಂಗಳಮ್ಮ ನನ್ನ ಮುಖ ನೋಡಲಿಲ್ಲ. ಹೆಪ್ಪು ಬೇರೆ ಮನೆಯಿಂದ ತಂದರು. ಎದುರು ಮನೆಯ ಅಜ್ಜಮ್ಮ ನನ್ನನ್ನು ಹಿಡಿದು ನಿಲ್ಲಿಸಿದರು.

"ನೀನೇ ಅಲ್ಲೇನವ್ವ ಪೊಲೀಸ್ರನ್ನ ಕರೆಸಿದ್ದು?"

"ಅಯ್ಯೋ ಅಜ್ಜಮ್ಮ, ನಾನಲ್ಲ."

"ಫೋನ್ ಹಿಡ್ಕಂಡು ನಿಂತಿದ್ಯಲ್ಲ."

"ಕವನ ಓದ್ತಿದ್ದೆ."

"ಆ ಗಲಾಟೆಯಾಗೆ?"

ಫೋನು ತೋರಿಸಿದೆ, ಅದರಲ್ಲಿ ಅಂಥ ಕರೆ ಇಲ್ಲ ಎಂದೆ. "ಅದನ್ನ ಅಳಿಸಾಕೆ ಬರುತ್ತಂತಲ್ಲ, ನನ್ ಮೊಮ್ಮಗ ದಿನಾ ಅಳಿಸ್ತಾನೆ" ಎಂದರು. ಕಾಂಪೌಂಡಿನ ಹತ್ತಿರ ಸರ್ವಮಂಗಳಮ್ಮನನ್ನು ಕರೆದು, "ಕರೆ ಮಾಡಿದ್ದು ನಾನಲ್ಲ ಕಣ್ರೀ" ಎಂದೆ. "ನನಗೊತ್ತು ಬಿಡ್ರಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅದನ್ನು ಹೇಳಿದ ರೀತಿ ಹೇಗಿತ್ತೆಂದರೆ, ನನ್ನ ಒಂದು ಮಾತನ್ನೂ ಅವರು ನಂಬಿಲ್ಲ ಎಂದೇ ನನಗನಿಸಿತು.

ಹಾಗಾದರೆ ಕರೆ ಮಾಡಿದ್ದು ಯಾರು? ಪೊಲೀಸರ ಬಳಿ ಅದು ಬರೆದಿರಲೇಬೇಕಲ್ಲ? ಅದನ್ನು ತಂದು ತೋರಿಸಿದರೆ ಮುಗಿಯಿತು ಎಂದುಕೊಂಡೆ. ನಮ್ಮ ಮನೆಯವರು ಹಾಲಸ್ವಾಮಿ, ಅಡಿಕೆ ವ್ಯಾಪಾರಸ್ಥರು. ನನ್ನ ಮಾತು ಕೇಳಿ ಚಹಾದ ಲೋಟ ಕೆಳಗಿಟ್ಟರು. "ಕರೀದಿದ್ರೂ ತಾವಾಗೇ ಠಾಣೆಗೆ ಹೋಗೋರ್ನ ನಾನು ಇವತ್ತೇ ನೋಡಿದ್ದು" ಎಂದರು.

ಮೊದಲು ಪೊಲೀಸ್ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿದೆ. ಅಲ್ಲಿ ಜಿಲ್ಲೆ, ಠಾಣೆ, ವರ್ಷ ಹಾಕಿದರೆ ಎಫ್‌ಐಆರ್ ನೋಡಬಹುದು. ಪರದೆಯಲ್ಲಿ ಸೊಟ್ಟ ಸೊಟ್ಟ ಅಕ್ಷರ ಕೊಟ್ಟು, ಅದನ್ನು ಓದಿ ನೀವು ಮನುಷ್ಯರೆಂದು ಸಾಬೀತು ಮಾಡಿ ಎನ್ನುತ್ತಾರೆ. ಹಳಗನ್ನಡ ಓದಿದ ನನಗೂ ಮೂರನೆಯ ಸಲಕ್ಕಷ್ಟೇ ಮನುಷ್ಯಳಾಗಲು ಸಾಧ್ಯವಾಯಿತು. ಅಲ್ಲಿ ಏನೂ ಸಿಗಲಿಲ್ಲ. ಠಾಣೆಗೆ ಹೋದೆ. ಅಲ್ಲಿ ಬರವಣಿಗೆ ನೋಡಿಕೊಳ್ಳುವ ಪರಶುರಾಮ್ ಎಂಬುವರು ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಕೇಳಿದರು.

"ಮೇಡಂ, ನೀವು ದೂರುದಾರರಾ?"

"ಅಲ್ಲ."

"ನಿಮ್ಮ ಮೇಲೆ ಯಾರಾದ್ರೂ ದೂರು ಕೊಟ್ಟಾರಾ?"

"ಇಲ್ಲ."

"ಮತ್ತೆ ಸಾಕ್ಷಿನಾ?"

"ನೋಡಿದ್ದೇನೆ. ಅಂದರೆ, ಕೇಳಿಸಿಕೊಂಡಿದ್ದೇನೆ."

"ಹಂಗಾರೆ ನೀವು ಯಾರು?"

"ಪಕ್ಕದ ಮನೆಯವಳು."

"ಪಕ್ಕದ ಮನೇರಿಗೆ ನಮ್ಮತ್ರ ಕಾಲಂ ಇಲ್ಲ ಮೇಡಂ" ಎಂದು ನಕ್ಕರು. ನಾನೂ ನಕ್ಕೆ. ದಾರಿಯಲ್ಲಿ ಬರುವಾಗ ಮಾತ್ರ ಆ ನಗು ನಿಂತುಹೋಯಿತು. ಸಾಕ್ಷಿ ಎಂದರೆ ಕಂಡವರೋ, ಕಂಡದ್ದನ್ನು ಹೇಳಿದವರೋ? ಅಲ್ಲಿ ನಿಂತಿದ್ದೂ ನಾನು ಏನಾಗಿದ್ದೆ? ಇರಲಿ, ವಿಷಯಕ್ಕೆ ಬರುತ್ತೇನೆ.

ಅವರು ಹೇಳಿದ್ದನ್ನು ನೀವೂ ತಿಳಿದಿರಬೇಕು. ಪ್ರಕರಣ ದಾಖಲಾದರೆ ಮಾತ್ರ ಎಫ್‌ಐಆರ್. ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡುತ್ತಾರೆ. ಬರೀ ಕರೆ ಬಂದು, ವಾಹನ ಹೋಗಿ, ಬುದ್ಧಿ ಹೇಳಿ ಬಂದಿದ್ದರೆ ಎಫ್‌ಐಆರ್ ಇರುವುದಿಲ್ಲ. ಕರೆಯ ವಿವರ ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, ನೂರೈವತ್ತು ಪದದ ಒಳಗೆ. ಎಂ.ಎ. ಮಾಡಿದವರಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇದೆಯೇ? ನನ್ನ ಮೊದಲ ಕರಡಿನಲ್ಲಿ ನಮ್ಮ ಗೆಳೆತನಕ್ಕೇ ಮುನ್ನೂರು ಪದ ಹೋಗಿತ್ತು.

ಅಂತೂ ಕಳಿಸಿದೆ. ಎಷ್ಟು ದಿನ ಕಾದರೂ ಉತ್ತರವಿಲ್ಲ. ನೋಡಿದರೆ ತಪ್ಪು ನನ್ನದೇ. ನ್ಯಾಮತಿ ತಾಲ್ಲೂಕಾಗಿ ವರ್ಷಗಳಾದರೂ ನನ್ನ ಕೈ ರೂಢಿಯಂತೆ "ಹೊನ್ನಾಳಿ ತಾಲ್ಲೂಕು" ಎಂದೇ ಬರೆದಿತ್ತು. ಅರ್ಜಿ ಹೊನ್ನಾಳಿ ನೋಡಿಕೊಂಡು ಆರಾಮಾಗಿ ವಾಪಸ್ ಬಂತು. ಇಲ್ಲಿ ನಗುತ್ತಿರುವವರಲ್ಲಿ ನ್ಯಾಮತಿ ಕಡೆಯವರು ಯಾರಾದರೂ ಇದ್ದರೆ, ನೀವೂ ಹಾಗೆ ಬರೆದಿದ್ದೀರಿ ಎಂದು ನನಗೆ ಗೊತ್ತು. ಮತ್ತೆ ಬರೆದೆ. ಮೂರನೇ ವ್ಯಕ್ತಿಗೆ ಸಂಬಂಧಿಸಿದ ಮಾಹಿತಿ, ಕೊಡಲಾಗದು ಎಂದು ಹಿಂಬರಹ ಬಂತು. ಮೇಲ್ಮನವಿ ಹಾಕಿದೆ. ಕೊನೆಗೆ ಹೆಸರು ಮತ್ತು ನಂಬರು ಕಾಣದಂತೆ ಮಸಿ ಬಳಿದ ಒಂದು ಹಾಳೆ ಬಂತು. ಅದರಲ್ಲಿದ್ದದ್ದು ಒಂದೇ ವಾಕ್ಯ. ಓದುತ್ತೇನೆ, ಕೇಳಿ:

"ಮನೆಯಲ್ಲಿ ಗಲಾಟೆ ಎಂದು" (ಇಲ್ಲೊಂದು ಪದಕ್ಕೂ ಮಸಿ) "ಮನೆಯವರು ಕರೆ ಮಾಡಿದ್ದು, ಸ್ಥಳಕ್ಕೆ ಭೇಟಿ ನೀಡಿ ವಿಚಾರಿಸಲಾಗಿ ಮನೆಯವರು ಏನೂ ಇಲ್ಲವೆಂದು ತಿಳಿಸಿದ್ದು, ಮನೆಯವರಿಗೆ ತಿಳುವಳಿಕೆ ನೀಡಿ ಬರಲಾಗಿದೆ."

ಒಂದು ವಾಕ್ಯದಲ್ಲಿ ಮೂರು ಸಲ ಮನೆಯವರು! ನಮ್ಮ ಕಡೆ ಹೆಂಗಸರು "ನಮ್ಮ ಮನೆಯವರು" ಎಂದರೆ ಗಂಡ. ಗಂಡಸರು ಹಾಗಂದರೆ ಹೆಂಡತಿ. ಮದುವೆ ಮನೆಯಲ್ಲಿ ಅಂದರೆ ನೂರು ಜನ. ಕರೆ ಮಾಡಿದ ಮನೆಯವರು ಯಾರು? ಏನೂ ಇಲ್ಲ ಎಂದವರು ಯಾರು? ತಿಳುವಳಿಕೆ ಹೇಳಿಸಿಕೊಂಡವರು ಯಾರು? ಮಸಿಯ ಕೆಳಗೆ ಇರುವುದು "ಪಕ್ಕದ" ಎಂದೇ, "ಎದುರು" ಎಂದೇ? "ಪಕ್ಕದ" ಎಂದಿದ್ದರೆ ಅದು ನಾವೇ ಅಲ್ಲವೇ? ನಾನಂತೂ ಮಾಡಿಲ್ಲ. ಹಾಗಾದರೆ ನಮ್ಮ ಮನೆಯವರೇ?

ಅವತ್ತು ಊಟಕ್ಕೆ ಬಡಿಸುತ್ತ ನೇರವಾಗಿಯೇ ಕೇಳಿದೆ, "ಪೊಲೀಸರಿಗೆ ಫೋನ್ ಮಾಡಿದ್ದು ನೀವಾ?"

"ನಾನಾ? ನಾನು ಮಾಡಾಕೆ ಅಂತ ಫೋನ್ ತಗಂಡಿದ್ದೆ. ಗಂಡ ಹೆಂಡ್ತಿ ಮಧ್ಯ ನಾವ್ಯಾಕೆ, ಸುಮ್ನಿರ್ರಿ ಅಂದೋಳು ನೀನೇ ಅಲ್ವಾ?"

ನಾನು ಹಾಗೆ ಅಂದಿದ್ದೆನೇ? ಅಂದಿರಬಹುದು. ಅದೇನು ಮುಖ್ಯವಲ್ಲ. ಮುಖ್ಯವಾದದ್ದು ಆ ಮಸಿಯ ಕೆಳಗಿನ ಪದ. ಎಷ್ಟೋ ದಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ.

ಕಳೆದ ವಾರ ಪಕ್ಕದ ಮನೆಯ ಮುಂದೆ ಆಟೋ ಬಂದು ನಿಂತಿತು. ಸರ್ವಮಂಗಳಮ್ಮ ಎರಡು ಬ್ಯಾಗು, ಒಂದು ಹೊಲಿಗೆ ಯಂತ್ರ ಹೇರಿಸಿ, ತವರೂರು ಕತ್ತಲಗೆರೆಗೆ ಹೊರಟಿದ್ದರು. ಕರೆದೊಯ್ಯಲು ಅವರ ಅಣ್ಣ ಬಂದಿದ್ದರು. ಹಬ್ಬಕ್ಕೆ ಹೋಗುವವರ ಸಾಮಾನು ಅದಲ್ಲ ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಆಟೋ ಹತ್ತುವ ಮೊದಲು ನಮ್ಮ ಬಾಗಿಲಿಗೆ ಬಂದರು. ಒಂದು ವರ್ಷದ ಮೇಲೆ. ಒಳಗೆ ಬನ್ನಿ ಎಂದರೆ ಬರಲಿಲ್ಲ. ನನಗೆ ಬೇರೇನೂ ತೋಚದೆ ಓಡಿಹೋಗಿ ಈ ಹಾಳೆ ತಂದು ಅವರ ಕೈಗಿಟ್ಟೆ. ನಿಂತಲ್ಲೇ ಓದಿದರು. ಮಸಿಯ ಮೇಲೆ ಬೆರಳಿಟ್ಟರು.

"ಇದ್ಕೆ ಇಷ್ಟು ತಿಂಗಳು ಓಡಾಡಿದ್ರಾ ಅಕ್ಕ?"

"ನಾನು ಕರೆ ಮಾಡಿಲ್ಲ ಅಂತ ನಿಮಗೆ ಗೊತ್ತಾಗಲಿ ಅಂತ."

ಅದಕ್ಕವರು ಒಂದು ಮಾತು ಹೇಳಿದರು, ಅದನ್ನು ಕೊನೆಗೆ ಹೇಳುತ್ತೇನೆ. ಜಗಳೂರಿನಲ್ಲಿ ಇದರ ಬಗ್ಗೆಯೇ ಮಾತಾಡಲು ಕರೆದಿದ್ದಾರೆ, ಹೋಗಲೋ ಬೇಡವೋ ಎಂದು ಅವರನ್ನೇ ಕೇಳಿದೆ. "ಹೋಗ್ರಿ, ಹೆಸರು ಬಿಟ್ಟು ಎಲ್ಲಾ ಹೇಳ್ರಿ. ಅಲ್ಲಿ ಕೂತಿರೋರೂ ಯಾರಿಗೋ ಪಕ್ಕದ ಮನೇರೇ ಅಲ್ವಾ" ಎಂದರು.

ಆದ್ದರಿಂದ ಬಂದಿದ್ದೇನೆ. ದಾಖಲೆ ಪಡೆಯುವುದು ಹೇಗೆ ಎಂದು ಹೇಳಿದ್ದೇನೆ. ಪಡೆದ ಮೇಲೆ ಏನು ಮಾಡಬೇಕು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಕರೆದ ಶೈಲಾ ಅವರಿಗೆ, ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ನಿಮ್ಮೆಲ್ಲರಿಗೆ ನಾನು ಋಣಿ. ನಮಸ್ಕಾರವನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನ್ನಿಂದ ಆಗುತ್ತದೋ ಇಲ್ಲವೋ. ನಮಸ್ಕಾರ. ಅವತ್ತು ಬಾಗಿಲಲ್ಲಿ ನಿಂತು ಸರ್ವಮಂಗಳಮ್ಮ ಅಂದದ್ದು ಇಷ್ಟು:

"ನೀವು ಮಾಡಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತಕ್ಕ. ಬಚ್ಚಲಿಗೆ ಹೋಗಿ ಚಿಲಕ ಹಾಕ್ಕಂಡು ಫೋನ್ ಮಾಡಿದ್ದು ನಾನೇ. ಅದ್ಕೂ ಮೊದ್ಲು ಕಿಟಕಿಯಾಗೆ ನೀವು ಕಾಣ್ತಿದ್ರಿ, ಕೈಯಾಗೆ ಫೋನಿತ್ತು. ಈಗ ಮಾಡ್ತಾರೆ, ಈಗ ಮಾಡ್ತಾರೆ ಅಂತ ಎಷ್ಟೊತ್ತು ಕಾದೆ ಅಕ್ಕ."