ಗುಹೆಯಲ್ಲಿ ಸತ್ತ ವೈದ್ಯೆ

ಹಲ್ಲಿನ ಡಾಕ್ಟರರಿಗಾಗಿ ಕಾಯುತ್ತಿದ್ದ ಟೈಲರ್‌ಗೆ ಓದಲು ಏನೂ ಇರಲಿಲ್ಲ. ಹಾಗಾಗಿ ಪಕ್ಕದ ಬೆಂಚಿನ ಅಕ್ಕ-ತಮ್ಮನ ಜಗಳಕ್ಕೆ ಕಿವಿಗೊಟ್ಟ. ತಮ್ಮ ಪ್ರತಿ ಭಾನುವಾರ ಅಕ್ಕನನ್ನೂ ಮೂವರು ಗೆಳೆಯರನ್ನೂ ಮೇಜಿನ ಸುತ್ತ ಕೂರಿಸಿಕೊಂಡು, ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಕೊಟ್ಟು, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ನಡೆಸುವವನು.

"ನನ್ನ ವೈದ್ಯೆಯನ್ನ ಯಾಕೋ ಸಾಯಿಸಿದೆ?"

"ನಾನೆಲ್ಲಿ ಸಾಯಿಸಿದೆ ಅಕ್ಕಾ? ದಾಳ ಬಿದ್ದಿದ್ದೇ ಹಾಗೆ."

"ಎರಡು ವರ್ಷ ಸಾಕಿದ ಪಾತ್ರ ಕಣೋ. ಮೊದಲೆಲ್ಲ ನೀನು ರಟ್ಟಿನ ಮರೇಲಿ ದಾಳ ಹಾಕಿ, ಕೆಟ್ಟದು ಬಿದ್ರೆ ಸುಳ್ಳು ಹೇಳಿ ಉಳಿಸ್ತಿದ್ದೆ."

"ಈಗ ಎಲ್ಲರೆದುರೇ ಹಾಕ್ತೀನಿ. ನಾವಿಬ್ರೂ ನೋಡಿದ ಆ ಜಪಾನಿ ಕಾರ್ಟೂನಲ್ಲಿ ಗುಹೆಗೆ ಹೋದ ಒಳ್ಳೆಯವರೇ ಮೊದಲು ಸಾಯಲ್ವಾ? ಅದಕ್ಕೇ ತಾನೇ ಗುಹೆ ಅಂದ್ರೆ ನಿಜವಾಗ್ಲೂ ಭಯ ಆಗೋದು. ನೀನೂ ಕಣ್ಣು ಮಿಟುಕಿಸದೆ ನೋಡ್ದೆ."

"ನೋಡ್ದೆ, ಚೆನ್ನಾಗೇ ಇತ್ತು. ಅಲ್ಲಿ ಸತ್ತಿದ್ದು ಬೇರೆಯವರ ಪಾತ್ರ, ಮಹಾರಾಯ."

"ಇನ್ನೊಂದು ಮಾಡ್ಕೊ."

"ನಿನ್ನ ತಲೆ. ಉಳಿದ ಮೂವರ ಪಾತ್ರಗಳನ್ನೂ ಅದೇ ಗುಹೆಲಿ ಮುಗಿಸಿದ್ಯಲ್ಲ, ಅವರೇನಂತಾರೆ?"

"ಫೋನ್ ಎತ್ತುತ್ತಿಲ್ಲ. ನೀನಾದ್ರೂ ಬರ್ತೀಯಲ್ಲ?"

"ನಾನೂ ಬರಲ್ಲ."

ಒಳಗಿಂದ ಕರೆ ಬಂತು. ತಮ್ಮ ಕೆನ್ನೆ ಹಿಡಿದುಕೊಂಡು ಕೂತೇ ಇದ್ದ.

"ನಡಿ, ಹಲ್ಲು ಕೀಳೋಕೆ ಡಾಕ್ಟರು ದಾಳ ಹಾಕಲ್ಲ," ಎಂದು ಅಕ್ಕ ಅವನ ತೋಳು ಹಿಡಿದು ಎಬ್ಬಿಸಿದಳು.

ಬಾಗಿಲು ಮುಚ್ಚಿತು. ಒಂದೇ ಭಾನುವಾರದಲ್ಲಿ ಅವನು ನಾಲ್ಕು ಪಾತ್ರಗಳನ್ನೂ ಅವನ್ನು ಆಡುತ್ತಿದ್ದ ನಾಲ್ವರನ್ನೂ ಕಳೆದುಕೊಂಡಿದ್ದ.