ಗ್ವಾಡಿ ಬುಡದ ಹಸಿ

…ತಡಿ ತಡಿ, ಮದ್ಲ ಆ ಬಾಗಲಾ ಮುಂದಕ್ಕ ಮಾಡು ಬೇ ಹನಮವ್ವ. ಸಣ್ಣಗ ಮಾತಾಡೂನು. ಇದು ನಿನ್ನ ಹೊಟ್ಯಾಗ ಇರಬೇಕ ನೋಡು, ನಿನ್ನ ಗಂಡಗೂ ಹೇಳಂಗಿಲ್ಲ. ನನ್ನ ತೆಲಿ ಮುಟ್ಟಿ ಆಣಿ ಮಾಡು… ಹಾಂ. ಈಗ ಕೂಡು.

ನಿನ್ನೆ ಧೂಳಪ್ಪನ ತಮ್ಮ ಖಂಡಪ್ಪನ ಹೆಣಾ ಮಣ್ಣಾಗಿಂದ ತಗದ್ರಲ್ಲ, ನೀ ನೋಡಿಲ್ಲ, ಹೌದಲ್ಲೊ? ನಾ ನೋಡೀನಿ! ಎಲ್ಲಾರಕಿಂತ ಮದ್ಲ ನಾನ ನೋಡೀನಿ! ಅಣ್ಣನ ಹೊಸ ಮನ್ಯಾಗ ಎತ್ತ ಕಟ್ಟಾಕತ್ತಿದ್ದ. ಗ್ವಾಡಿ ಧಡಲ್ ಅಂತ ಬಿತ್ತು. ಎತ್ತಿನ ಕೋಡ ಮುರದ ಅವನ ಪಕ್ಕಡ್ಯಾಗ… ಅಯ್ಯ, ಮಾರಿ ಯಾಕ ಅತ್ತಾಗ ತಿರವ್ತಿ? ಕೇಳಬೇ! ಎತ್ತ ಸಾಯಾಕ ಅರ್ಧಾ ತಾಸ ಹಿಡೀತು. ಅವ ಅಷ್ಟೂ ಹಿಡೀಲಿಲ್ಲ. ಮಣ್ಣಾಗಿಂದ ಬರೇ ಒಂದ ಕೈ ಹೊರಗ. ಇನ್ನೂ ಹಗ್ಗಾ ಹಿಡದಿತ್ತ ಬೇ ಆ ಕೈ!

ಧೂಳಪ್ಪ ಓಡಿ ಬಂದ. ತಮ್ಮನ ಕೈ ನೋಡಿದ. ಸೀದಾ ಕಬ್ಬಿಣದ ಹಾರಿ ತಗೊಂಡ ಗವಂಡಿ ಲಾಡಲೇಸಾಬನ ಮ್ಯಾಲ ಹ್ವಾದ! ಗ್ವಾಡಿ ಕಟ್ಟಿದಾಂವ ಅವನ ಅಲ್ಲೇನ? ಒಂದ ಏಟಿಗೆ ಬಲಗೈ ಲಟಕ್ಕ! ಎರಡನೇದ್ದು ಬಾಯಿಗಿ. ಉಗಳಿದ ಹಲ್ಲ ನನ್ನ ಕಾಲ ಮುಂದ ಬಂದ ಬಿತ್ತ, ಸುಳ್ಳಲ್ಲ. ಮೂರನೇದ್ದು ತೆಲಿಗೇ ಬೀಳೂದು, ನಾಕ ಮಂದಿ ಹಿಡದ್ರು. ಹಿಡೀಬಾರದಿತ್ತೇನೋ… ಯಾಕ ಹಲ್ಲ ಕಡೀತಿ? ಸುಮ್ನ ಅಂದೆ, ಚಾಷ್ಟಿ.

ಆದ್ರ ತಪ್ಪ ಯಾರ್ದ ಹೇಳು? ಧೂಳಪ್ಪಂದ! ಕಡಿಮಿ ಖರ್ಚಿನ್ಯಾಗ ಮುಗಸ್ತೇನಿ ಅಂತ ಹಟಾ ಹಿಡದ. ದನಕ್ಕೊಂದ, ಮಂದಿಗೊಂದ ಯಾಕ, ಎರಡಕ್ಕೂ ಒಂದ ಮಾಳಗಿ ಸಾಕ ಅಂದ. ಕೆಳಗ ದನಾ, ಕಟ್ಟಿ ಮ್ಯಾಲ ಮಂದಿ, ನಡಬರಕ ಮೇವಿನ ಗ್ವಾದಲಿ. ವಿಜಾಪುರದಾಗ ಗಾಂಧಿ ಚೌಕದ ಹಿಂದ ಯಾರದೋ ಹಳೇ ಮನಿ ಕೆಡವಿದ್ರಂತ. ಅಲ್ಲಿ ತೊಲಿ ಚಕ್ಕಡ್ಯಾಗ ಹೇರಿಕೊಂಡ ನಮ್ಮ ಟಿಕೋಟಾಕ್ಕ ತಂದ. ಗ್ವಾಡಿಗಿ ಸುಡದ ಹಸಿ ಇಟ್ಟಂಗಿ. ಬುಡಕ್ಕ ಕಲ್ಲ ಹಾಕ್ಸಪಾ ಅಂದ್ರ, “ಮಳಿಗಾಲ ಬರೂದ್ರಾಗ ಹಾಕಿದ್ರಾತು. ಬ್ಯಾಸಗ್ಯಾಗ ನೀರ ಎಲ್ಲಿಂದ ಬರತಾವ?” ಅಂದ. ಕಲ್ಲ ಹಾಕ್ಸು ಅಂದಾಂವ ಯಾರ ಅಂದಿ? ಲಾಡಲೇಸಾಬನ. ನನ್ನ ಕಿವ್ಯಾರೆ ಕೇಳೀನಿ. ಕೇಳಿದ್ರ ಏನಾತು? ಚಾವಡ್ಯಾಗ ನಿಂತ ನಾ ಯಾಕ ಹೇಳ್ಲಿ?

ಆ ದನದ ಗ್ವಾಡಿ ತಂದ ಎಲ್ಲಿ ಎಬ್ಬಿಸಿದ? ನನ್ನ ಬಚ್ಚಲಕ್ಕ ಹಚ್ಚಿ! ನನ್ನ ದೇವರ ಜಗಲಿಗಿ ಇದ್ದದ್ದ ಒಂದ ಕಿಂಡಿ, ಅದನ್ನೂ ಮುಚ್ಚಿದ. ಒಂದ ಮೊಳ ಬಿಡೋ ಯಪ್ಪಾ ಅಂತ ಕೈ ಮುಗದೆ. ಅವನ ಹೇಣ್ತಿ ಸಾವಂತ್ರವ್ವ ಏನಂದ್ಲು? “ಇನ್ನೆಷ್ಟ ದಿನಾ ಇರಾಕಿ ಮುದಕಿ, ನಿನಗ್ಯಾಕ ಬೆಳಕ?” ಅಂದ್ಲು. ನನಗ! ಹೊಟ್ಟಿ ಧಗಧಗ ಉರೀತು. ಉರಿಯೂದಿಲ್ಲೇನ? …ಉರದ್ರೂ ಸುಮ್ನ ಕುಂತೆ. ಮುದಕಿ ಏನ ಮಾಡತಾಳ?

ಇವತ್ತ ಸಂಜಿಕ ಚಾವಡ್ಯಾಗ ಹಿರೇರು ಕೂಡತಾರ, ಫೌಜದಾರನೂ ಬರತಾನಂತ. ಲಾಡಲೇಸಾಬನ ಜೇಲಿಗಿ ಕಳಸೂದ ಖರೆ. ಅದಕ್ಕೂ ಮದ್ಲ ನಿನ್ನ ಕೇಳತಾರ. ದಿನಾ ನನ್ನ ಮನಿ ಹಿಂದಿಂದ ಕೊಡಾ ಹೊತ್ತ ಹೋಗಾಕಿ ನೀ. ಏನೂ ಕಂಡಿಲ್ಲ ಅಂದ ಬಿಡು. ನಿನ್ನ ಮದಿವಿ ಇಳಕಲ್ಲ ಸೀರಿ ಅಂಟವಾಳಕಾಯಿ ಹಾಕಿ ಬಣ್ಣಾ ಬಿಡದಂಗ ತೊಳದ ಕೊಟ್ಟಾಕಿ ಯಾರು? ಈ ಓಣಿ ರೇಷ್ಮಿ ಎಲ್ಲಾ ನನ್ನ ಕೈಯಾಗ ನೊರಿ ಕುಡದೈತಿ. ಇನ್ನೊಬ್ಬಾಕಿಗಿ ಬರತೈತೇನ ಆ ಕೆಲಸಾ? …ಹೂಂ ಅನ್ನು. ಅನ್ನು ಬೇ!

ನನ್ನ ಕಾಲ ಯಾಕ ನೋಡತಿ? ಹಸಿ ಮಣ್ಣ ಮೆತ್ತೈತಿ, ಏನೀಗ? ಮುಂಜಾನೆ ಸಲಿಕಿ ಹಿಡದ ಬಚ್ಚಲ ಮೋರಿ ಸ್ವಚ್ಛ ಮಾಡೀನಿ. ತಿರುವಿಲ್ಲ, ಸ್ವಚ್ಛ ಮಾಡೀನಿ! ನನ್ನ ಮೋರಿ ಮೊದಲಿಂದ ಹಿತ್ತಲ ಕಡೇನ ಹರೀತಿತ್ತು, ಅವನ ಗ್ವಾಡಿ ಬುಡಕ್ಕಲ್ಲ. ಯಾರ ಇಲ್ಲಂದ್ರು? ನೀ ಅಂದೇನ? …ನೀ ಬಾಯೇ ತಗದಿಲ್ಲಲ್ಲ.

ಹಂಗ ನೋಡಬ್ಯಾಡ ಹನಮವ್ವ. ಆ ಸುಗರಾಬಿನೂ ಹಿಂಗ ನೋಡಿದ್ಲು, ಲಾಡಲೇಸಾಬನ ಹೇಣ್ತಿ. ಗಂಡಾ ವಿಜಾಪುರದ ದವಾಖಾನ್ಯಾಗ ನರಳಾಕತ್ತಾನ, ಇಕಿ ಬಿದ್ದ ಗ್ವಾಡಿ ಮುಂದ ಕುಂತಾಳ! ಮೂವತ್ತ ವರ್ಷ ಗಂಡಗ ಮಣ್ಣ ಕಲಸಿ ಕೊಟ್ಟ ಕೈ ಅದು. ಬುಡದಾಗಿಂದ ಒಂದ ಹಿಡಿ ತಗದ್ಲು, ಹಿಸಕಿದ್ಲು, ನನ್ನ ಬಾಗಲಕ್ಕ ಬಂದ ನಿಂತ್ಲು. ಅಳಲಿಲ್ಲ, ಬೈಲಿಲ್ಲ. ಆ ಕೈ ತಂದ ನನ್ನ ಮೂಗಿನ ಮುಂದ ಹಿಡದ, ಮಾರಿ ಮ್ಯಾಲನ ಅಂದ್ಲ ಬೇ:

“ಮಾಳವ್ವಕ್ಕ, ಮಣ್ಣ ಹಿಸಕಿದ್ರ ಬರೇ ನೀರ ಬರಬೇಕು. ಇದು ನೊರಿ ಬಿಡಾಕತ್ತೈತಿ.”