ಬದುಕಿದ್ದವಳ ತಿಥಿ

...ಬಾಗ್ಲಲ್ಲೇ ನಿಲ್ಲಿಸಿ ಮಾತಾಡ್ಸಬ್ಯಾಡ ಕಣಕ್ಕಾ. ಜನ ನೋಡ್ತಾರೆ. ಎಮ್ಮೆಲ್ಲೆ ಶಿವಪ್ರಕಾಶ ಬೇಲೂರಲ್ಲಿ ಯಾರ ಮನೆ ಮುಂದೆ ನಿಂತವ್ನೆ ಅಂತ... ಹ್ಞಾ, ಇಲ್ಲೇ ಜಗುಲಿ ಮೇಲೆ ಕೂರ್ತೀನಿ. ನೀರೂ ಬ್ಯಾಡ. ಯಾಕೆ ನಗ್ತೀಯಾ? ಈ ಪೇಟ ನೋಡ್ಕಂಡಾ? ಹಳೇಬೀಡಲ್ಲಿ ಸನ್ಮಾನ ಇತ್ತು, ತೆಗೆಯಾಕೆ ಪುರುಸೊತ್ತಾಗ್ಲಿಲ್ಲ. ಮೀಸೆ ಎಲ್ಲಿ ಅಂತಾನಾ? ಅದು... ಬೆಂಗಳೂರಲ್ಲಿ ಈಗ ಎಲ್ರೂ ಹಿಂಗೇ.

ವಿಷ್ಯಕ್ಕೆ ಬತ್ತೀನಿ. ಅವ್ವಂಗೆ ಹುಷಾರಿಲ್ಲ. ನಿನ್ನ ಕರ್ಕಂಬಾ ಅಂತ ಒಂದೇ ಹಟ. ಕಾರು ಆಚೆ ಐತೆ, ಅರಸೀಕೆರೆಗೆ ಎಷ್ಟೊತ್ತು? ಉಟ್ಟ ಬಟ್ಟೇಲೇ ಹೊರಡು. ಭಾವನೂ ಬರ್ಲಿ... ಹೂಂ, ಭಾವ ಅಂದೆ. ಅಂದ್ರೆ ನನ್ ಬಾಯೇನು ಬಿದ್ದೋಗಲ್ಲ.

ಹಂಗ್ ನೋಡ್ಬ್ಯಾಡ. ನಿನ್ ತಿಥಿ ಮಾಡಿದ್ದು ನಾನೇ, ಇಲ್ಲ ಅಂದ್ನಾ? ನೀನು ಬೇರೆ ಜಾತಿಯೋರ್ನ ಮದ್ವೆ ಆಗಿ ಹೋದೆ. ನಂಗೆ ಆಗ್ತಾನೇ ಟಿಕೆಟ್ ಸಿಕ್ಕಿತ್ತು. ಸಂಸ್ಕೃತಿ, ಸಂಪ್ರದಾಯ, ಮನೆ ಮರ್ಯಾದೆ ಅಂತ ಮೈಕಲ್ಲಿ ಕಿರುಚ್ತಿದ್ದೋನು ನಾನು. 'ಮೊದ್ಲು ನಿಮ್ಮಕ್ಕಂಗೆ ಹೇಳಪ್ಪಾ' ಅಂತ ಎದುರು ಪಾರ್ಟಿಯೋರು ಆಡ್ಕಳ್ಳೋರು. ಅದಕ್ಕೇ... ಫ್ಲೆಕ್ಸ್ ಹಾಕಿಸ್ದೆ. ನಿನ್ ಫೋಟೋ, ಹಾರ, 'ಭಾವಪೂರ್ಣ ಶ್ರದ್ಧಾಂಜಲಿ'. ಊರಿಗೆಲ್ಲ ಊಟ. ನಮ್ಮೂರೋರಿಗೆ ನಿಜ ಗೊತ್ತಿತ್ತು ಬಿಡು. ದೂರದ ಹಳ್ಳಿ ಹೆಂಗಸ್ರು ನೀನು ಸತ್ತೇ ಹೋದೆ ಅಂದ್ಕಂಡು ನನ್ ಕೈ ಹಿಡ್ಕಂಡು ಅತ್ರು ಕಣಕ್ಕಾ. ನಾನೂ ಅತ್ತೆ! ಅಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ. ಗೆದ್ದೆ.

ಸದನದಲ್ಲಿ ನನ್ ಮೊದಲ್ನೇ ಭಾಷಣ... ಕೇಳಿದ್ಯಾ? 'ಹೆತ್ತೋರ ಮಾತು ಮೀರಿದ ಮಕ್ಕಳು ಬದುಕಿದ್ದೂ ಸತ್ತಂಗೆ' ಅಂದೆ. ಎಲ್ಲ ಮೇಜು ಕುಟ್ಟಿದ್ರು! ಖುಷೀಲಿ ಮನೆಗೆ ಬಂದು ನೋಡಿದ್ರೆ, ಅವ್ವ ನಿನ್ ಪಾಲಿನ ಮುದ್ದೆ ತಟ್ಟೇಲಿಟ್ಕಂಡು ಕೂತವ್ಳೆ. 'ಸತ್ತೋಳಿಗೆ ಎಡೆ ಇಡ್ಬೇಕಲ್ವಾ ಎಮ್ಮೆಲ್ಲೆ ಸಾಹೇಬ್ರೇ' ಅಂದ್ಳು. ಆವತ್ತಿಂದ ಅವ್ವ ನನ್ನ ಹೆಸ್ರಿಡ್ದು ಕರೀಲೇ ಇಲ್ಲ.

ಮೇಘೀನ ಕರ್ಕಂಬಾ, ಮೇಘೀನ ಕರ್ಕಂಬಾ... ಅವ್ವ ಕೇಳ್ದಾಗೆಲ್ಲ ಅಧಿವೇಶನ ಮುಗೀಲಿ ಅಂದೆ. ಪಂಚಾಯ್ತಿ ಎಲೆಕ್ಷನ್ ಮುಗೀಲಿ ಅಂದೆ... ಹುಶ್! ಹುಶ್! ಥೂ, ನಿಮ್ ಕಾಂಪೌಂಡ್ ಮೇಲೂ ಕಾಗೆ! ಏನಿಲ್ಲ, ಏನಿಲ್ಲ... ಬೆಳಿಗ್ಗೆಯಿಂದ ಕಾಗೆ ಕಂಡ್ರೇ ಆಗ್ತಿಲ್ಲ ನಂಗೆ.

ಏಳಕ್ಕಾ. ನಿನ್ ಕಾಲಿಗೆ ಬೀಳ್ತೀನಿ. ಅವ್ವ ನಿನಗೋಸ್ಕರ... ಉಸಿರು ಹಿಡ್ಕಂಡವ್ಳೆ. ಬೇಕಾದ್ರೆ ಬೈಯಿ! ಯಾಕೆ, ಒಳಗೇನೈತೆ? ಏನ್ ನೋಡ್ತಿದ್ದೀಯಾ?

ಅವ್ವನ ಫೋಟೋ... ದೀಪ ಹಚ್ಚಿದ್ದೀಯಾ.

ಗೊತ್ತಾ ನಿಂಗೆ? ಟೀವೀಲಿ ಬಂದಿರ್ತದೆ... ಎಮ್ಮೆಲ್ಲೆ ತಾಯಿ ಅಂದ್ರೆ ಬರ್ದೇ ಇರ್ತದಾ? ಎಂಥ ದಡ್ಡ ನಾನು. ತಗೋ, ಪೇಟ ತೆಗ್ದೆ. ನೋಡು, ತಲೆ, ಮೀಸೆ ಎರಡೂ ಬೋಳಿಸ್ಕಂಡಿದ್ದೀನಿ. ಸನ್ಮಾನನೂ ಇಲ್ಲ, ಏನೂ ಇಲ್ಲ. ಇವತ್ತು ಮೂರ್ನೇ ದಿನ, ಬೆಳಿಗ್ಗೆ ಅವ್ವನ್ನ ಮಣ್ಣು ಮಾಡಿದ ಜಾಗದಲ್ಲಿ ಹಾಲು-ತುಪ್ಪ ಬಿಟ್ಟು ಎಡೆ ಇಟ್ಟೆ. ಕಾಗೆಗಳು ತೆಂಗಿನ ಗರಿ ಮೇಲೆ ಕೂತ್ಕಂಡು ನನ್ನೇ ನೋಡ್ತಿದ್ವು. ಕೆಳಗಿಳೀಲಿಲ್ಲ ಕಣಕ್ಕಾ! 'ಅವ್ವಾ, ಮೇಘಕ್ಕನ್ನ ಕರ್ಕಂಬತ್ತೀನಿ' ಅಂತ ಎಲ್ರೆದುರಿಗೂ ಕೈ ಮುಗ್ದೆ. ಒಂದೂ ಮುಟ್ಲಿಲ್ಲ. ನನ್ ಮಾತು ಅವ್ವ ನಂಬ್ಲಿಲ್ಲ. ನೀನು ಬಂದು ಇಟ್ರೆ ಮಾತ್ರ...

ಏನು? ಹಿತ್ಲಿಗಾ? ಬಂದು ನೋಡ್ಲಾ?

ಬಾಳೆ ಎಲೆ. ಮುದ್ದೆ, ಸಾರು... ನೀನೂ ಇಟ್ಟಿದ್ಯಾ.

ತಿಂತಾ ಅವೆ. ಅಕ್ಕಾ, ಕಾಗೆ... ನಾನು ಇಷ್ಟು ಹತ್ರ ನಿಂತ್ರೂ ಹೆದರ್ದೆ ತಿಂತಾ ಅವೆ.

ಅವ್ವ ಇಲ್ಲಿಗೇ ಬಂದ್ಬುಟ್ಳಾ?